ಕೆಳಗಿನಿಂದ ಹಾಕಿದ ಒಡ್ಡು

ಒಡ್ಡು ಹಾಕುವ ಕೆಲಸವನ್ನು ದಿಬ್ಬದ ತಲೆಯಿಂದ ಶುರು ಮಾಡಬೇಕು. ಅದು ಈ ಕೆಲಸದ ಮೊದಲ ಪಾಠ. ನೀರು ಮೇಲೆ ಹುಟ್ಟುತ್ತದೆ, ಅಲ್ಲೇ ಅದರ ಕಾಲು ಕಟ್ಟಬೇಕು. ಕೆಳಗಿಳಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಈ ಪಾಠವನ್ನು ತರಬೇತಿಯಲ್ಲಿ ಗಿಳಿಯ ಹಾಗೆ ಒಪ್ಪಿಸಿ ಶಾಬಾಸ್ ಅನ್ನಿಸಿಕೊಂಡವನು ನಾನು. ಹಾಗಿದ್ದೂ ಗುಂಡಗುರ್ತಿ ಕಡೆಯ ಒಂದು ಹಳ್ಳದಲ್ಲಿ ಕೆಲಸವನ್ನು ಕಾಲಿನಿಂದ ಶುರು ಮಾಡಿದೆ. ಕಾರಣ ಬಹಳ ಸಣ್ಣದು. ಹಳ್ಳದ ಕೆಳತುದಿ ಬಂಡಿದಾರಿಯ ಪಕ್ಕಕ್ಕಿತ್ತು, ಮೇಲಿನ ಸಾಹೇಬರ ಜೀಪು ಅಲ್ಲಿಯವರೆಗೆ ಬರುತ್ತಿತ್ತು.

ಪೊಲೀಸ್ ಆಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ಹೈದರಾಬಾದಿನ ಹೊಸ ಸರ್ಕಾರಕ್ಕೆ ಏನಾದರೂ ಮಾಡಿ ತೋರಿಸುವ ಅವಸರ, ನನ್ನಂಥ ಹೊಸ ಓವರ್ಸಿಯರನಿಗೆ ಅದಕ್ಕಿಂತ ಒಂದು ತೂಕ ಹೆಚ್ಚು. ಕಚೇರಿಯಲ್ಲಿ ಬರವಣಿಗೆ ಇನ್ನೂ ಉರ್ದು, ಹೊಲದಲ್ಲಿ ಮಾತು ಕನ್ನಡ, ಬೈಗುಳ ಮಾತ್ರ ಎರಡರಲ್ಲೂ ನಡೆಯುತ್ತಿತ್ತು. ನನಗೆ ನೆಲದ ಮಟ್ಟ ನೋಡುವ ಒಂದು ಡಂಪಿ ಲೆವೆಲ್ಲು, ಒಂದು ಅಳತೆಯ ಕೋಲು, ಒಂದು ಡೇರೆ ಕೊಟ್ಟು, ಈ ಹಳ್ಳಕ್ಕೆ ನೀರು ಸುರಿಯುವ ಹೊಲಗಳಿಗೆಲ್ಲ ಮಣ್ಣು ತಡೆಯುವ ಒಡ್ಡು ಹಾಕಿಸು ಎಂದು ಕಳಿಸಿದ್ದರು.

ದಿಬ್ಬ ಎಂದೆನಲ್ಲ, ಅದು ಹೆಸರಿಗಷ್ಟೆ. ಬರಿಗಣ್ಣಿಗೆ ನೆಲ ಸಪಾಟು. ಎತ್ತಿನ ಬಂಡಿಗೂ ಏರು ಹತ್ತಿದ್ದು ಗೊತ್ತಾಗುವುದಿಲ್ಲ. ನೀರಿಗೆ ಮಾತ್ರ ಗೊತ್ತಾಗುತ್ತದೆ. ಮೇಲೆ ಒಂದು ಮೊಳ, ಕೆಲವು ಕಡೆ ಒಂದೂವರೆ ಮೊಳ ಕಪ್ಪುಮಣ್ಣು. ಅದರ ಕೆಳಗೆ ಚಾಪೆಯ ಮೇಲೆ ಚಾಪೆ ಹಾಸಿದಂತೆ ಪರಸಿ ಕಲ್ಲು, ಶಹಾಬಾದಿನ ಗಣಿಗಳಲ್ಲಿ ಎಬ್ಬಿಸುತ್ತಾರಲ್ಲ, ಅದೇ ಕಲ್ಲು. ಮಳೆ ಬಿದ್ದಾಗ ಮೊದಲು ಹೊಲದ ಮೇಲಿನ ನಯವಾದ ಮಣ್ಣು ಯಾರಿಗೂ ಕಾಣದ ಹಾಗೆ ತೆಳ್ಳಗೆ ಜಾರುತ್ತದೆ. ಆಮೇಲೆ ಬೆರಳಗಲದ ಗೆರೆ, ಅದರ ಮರುವರ್ಷ ಅದೇ ಗೆರೆಯಲ್ಲಿ ಕುರಿ ಇಳಿಯುವಷ್ಟು ಕೊರಕಲು. ಕೊರಕಲಿನ ಬಾಯಿ ಕೆಳಗಿದ್ದರೂ ಅದು ಬೆಳೆಯುವುದು ಮೇಲಕ್ಕೆ. ಹೀಗೆ ತಿನ್ನುತ್ತ ತಿನ್ನುತ್ತ ಒಂದು ದಿನ ಕಲ್ಲು ಕಾಣುತ್ತದೆ. ಆ ಸೀಮೆಯಲ್ಲಿ ಹೊಲ ಸಾಯುವುದೆಂದರೆ ಹೀಗೆ. ಹೊಲದ ಜಾಗದಲ್ಲಿ ಒಂದು ಅಂಗಳ ಉಳಿಯುತ್ತದೆ.

ಕೆಳತುದಿಯಲ್ಲಿ ಹಳ್ಳದ ಎರಡೂ ಮಗ್ಗುಲಿನ ಹೊಲ ಊರಿನ ಒಬ್ಬ ಹಿರಿಯರದು. ಅವರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು. ಹಣೆಗೆ ವಿಭೂತಿ, ಬಾಯಿಗೆ ಎಲೆಯಡಿಕೆ, ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸದ ಮನುಷ್ಯ. ಡೇರೆ ಹಾಕಿದ ಮೊದಲ ದಿನದಿಂದಲೇ ಅವರ ಮನೆಯಿಂದ ರೊಟ್ಟಿ ಬರತೊಡಗಿತು. ಅವರ ಹೊಲಕ್ಕೆ ತುಸು ಮೇಲೆ, ದಿಬ್ಬದ ಹೊಟ್ಟೆಯ ಮೇಲಿದ್ದ ಉದ್ದನೆಯ ಹೊಲ ಒಬ್ಬ ಗಂಡ ಹೆಂಡತಿಯದು. ಗಂಡ ವಾಡಿ ಕಡೆಯ ಪರಸಿ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೊಲ ನೋಡುವವಳು ಹೆಂಡತಿ. ನಲವತ್ತರ ಆಸುಪಾಸು, ಗಟ್ಟಿ ಆಳು, ಬಾಯಿ ಅದಕ್ಕಿಂತ ಗಟ್ಟಿ.

ನಾನು ಲೆವೆಲ್ ಹೂಡಿ ಅದರ ಗಾಜಿನೊಳಗಿನ ಗುಳ್ಳೆ ನಡುವಿಗೆ ತರಲು ಅದರ ಮೂರು ಕಾಲಿನ ಜತೆ ಗುದ್ದಾಡುತ್ತಿದ್ದರೆ ಅವಳು ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳು:

"ಸಾಹೇಬ್ರ, ಆ ನಳಿಗ್ಯಾಗ ಏನ್ ಕಾಣ್ತದ್ರಿ? ನಮ್ಮ ಹಣೆಬರಾ ಏನರ ಕಾಣ್ತದೇನು?"

"ನೆಲದ ಇಳಿಜಾರು ಕಾಣುತ್ತದೆ."

"ಅದಕ್ಕ ನಳಿಗಿ ಯಾಕ ಬೇಕ್ರಿ? ನನ್ನ ಹೊಲ್ದಾಗ ಮಳಿ ಬಂದಾಗ ಬಂದು ನಿಂದರ್ರಿ, ಕಾಲಾಗಿನ ಚಪ್ಪಲಿ ಎತ್ತಾಗ ಹೋಗ್ತದ ಅತ್ತಾಗ ಇಳಕಲ."

ನಕ್ಕೆ. ಅವಳೂ ನಕ್ಕಳು. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು. "ಮೊದಲ ಯಾರ ಹೊಲಕ್ಕ ಹಾಕ್ತೀರಿ ಒಡ್ಡು? ನಮ್ಮದು ಭಾಳ ಹರದದ್ರಿ. ಈ ಸಲ ಬಿತ್ತಾಕ ಮಣ್ಣರ ಅದ, ಬರೋ ವರ್ಷ ಹ್ಯಾಂಗೋ ಏನೋ."

ನನ್ನ ನಕ್ಷೆಯ ಪ್ರಕಾರ ಮೊದಲ ಒಡ್ಡು ಅವಳ ಹೊಲದ ತಲೆಯಲ್ಲೇ ಬರಬೇಕಿತ್ತು. ಎರಡನೆಯದು ಅವಳ ಹೊಲದ ನಡುವೆ. ಹಳ್ಳಕ್ಕೆ ಅಡ್ಡ ಕಟ್ಟುವುದು ಎಲ್ಲಕ್ಕಿಂತ ಕೊನೆಗೆ. ಆದರೆ ಸಮಪಾತಳಿಯ ಸಣ್ಣ ಒಡ್ಡು ನೋಡಲು ಏನೂ ಚೆಂದವಿಲ್ಲ. ಮೊಣಕಾಲೆತ್ತರದ ಮಣ್ಣಿನ ಏರಿ, ಹಾವು ಹರಿದಂತೆ ಹೊಲದ ನಡುವೆ ಡೊಂಕುಡೊಂಕಾಗಿ ಹೋಗುತ್ತದೆ. ಅದನ್ನು ತೋರಿಸಿದರೆ ಯಾವ ಸಾಹೇಬರು ಹೌದೌದು ಅಂದಾರು? ಹಳ್ಳಕ್ಕೆ ಅಡ್ಡ ಕಟ್ಟಿದರೆ ಅದು ಗೋಡೆ, ಅದಕ್ಕೊಂದು ಕೋಡಿ, ಕೋಡಿಗೆ ಕಲ್ಲಿನ ಹಾಸು, ಜೀಪಿನಿಂದ ಇಳಿದ ಕೂಡಲೆ ಕಣ್ಣಿಗೆ ಬೀಳುತ್ತದೆ. ಬೇಸಿಗೆ ಮುಗಿಯುವುದರೊಳಗೆ ಒಂದು ಕೆಲಸವಷ್ಟೇ ಆಗುವಂತಿತ್ತು. ನಾನು ಕಣ್ಣಿಗೆ ಬೀಳುವುದನ್ನು ಆರಿಸಿಕೊಂಡೆ.

"ನಿಮ್ಮದು ಬರುವ ವರ್ಷ," ಎಂದೆ.

"ಬರೋ ವರ್ಷ ಅಂತೀರಿ. ಆತ್ರಿ, ಸರ್ಕಾರದ ಮಾತು," ಎಂದು ಅವಳು ಕುಂಟಿ ಹೊಡೆಯಲು ಹೋದಳು. ಸಿಟ್ಟಿರಲಿಲ್ಲ. ನನ್ನ ಮಾತನ್ನು ನಂಬಿದ್ದಳು.

ಕೆಳಗಿನ ಕೆಲಸಕ್ಕೆ ನಾನು ಕಷ್ಟಪಟ್ಟದ್ದು ಸುಳ್ಳಲ್ಲ. ಒಡ್ಡಿನ ನಡುಗೆರೆಯಲ್ಲಿ ಪರಸಿ ತಗಲುವವರೆಗೆ ಕಾಲುವೆ ತೋಡಿಸಿದೆ. ಪರಸಿಯ ತೊಂದರೆ ಅದರ ಸಂದು. ಕಲ್ಲಿಗೂ ಕಲ್ಲಿಗೂ ನಡುವೆ ಬೆರಳು ತೂರುವಷ್ಟು ಬಿರುಕು, ನೀರು ಕಟ್ಟಿದರೆ ಅಲ್ಲಿಂದ ಕಳ್ಳದಾರಿ. ಆ ಸಂದುಗಳಿಗೆ ಕಾಲಿನಿಂದ ತುಳಿದು ಹದ ಮಾಡಿದ ಎರೆಮಣ್ಣು ಗಿಡಿಸಿದೆ. ಒಂದು ಗೇಣು ಮಣ್ಣು ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಅದರ ಮೇಲೆ ಇನ್ನೊಂದು ಗೇಣು. ಒಣಗಿದ ಹೆಂಟೆಯನ್ನು ಹಾಗೇ ಸುರಿದವರ ಬುಟ್ಟಿ ಕಸಿದು ಬೈದೆ. ಕೋಡಿಯ ಮಟ್ಟವನ್ನು ಲೆವೆಲ್ಲಿನಿಂದ ಮತ್ತೆ ಮತ್ತೆ ನೋಡಿದೆ. ಒಡ್ಡಿನ ನೆತ್ತಿ ಕಟ್ಟಿ ಮುಗಿಸಿದಾಗ ಯಜಮಾನರು ತೆಂಗಿನಕಾಯಿ ಒಡೆದರು.

ಆ ಸಲ ಮಳೆ ದಂಡಿಯಾಗಿ ಬಂತು. ಮೊದಲ ದೊಡ್ಡ ನೀರು ಇಳಿದಾಗ ನಾನು ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತಿದ್ದೆ. ಮೇಲಿನಿಂದ ಬಂದ ನೀರು ಕಾಡಿಗೆ ಕಲಸಿದ ಹಾಗೆ ಕಪ್ಪು, ಗಟ್ಟಿ. ಒಡ್ಡಿಗೆ ಹೊಡೆದು ನಿಂತು, ಮಣ್ಣನ್ನು ಕೆಳಗಿಳಿಸಿ, ತಿಳಿಯಾಗಿ ಕೋಡಿ ಹಾರಿ ಕಾಗಿಣಾ ನದಿಯ ಕಡೆ ಹೋಯಿತು. ಎಷ್ಟು ಮಣ್ಣು ತಂದರೆ ಅಷ್ಟು ಸಂತೋಷ ನನಗೆ. ನೀರು ಸ್ವಲ್ಪ ತೆಳುವಾಗಿ ಬಂದ ದಿನ ಯಾಕೋ ಮಣ್ಣೇ ಇಲ್ಲವಲ್ಲ ಎಂದು ಬೇಸರ ಮಾಡಿಕೊಂಡದ್ದೂ ಉಂಟು. ಆ ಮಣ್ಣು ಆಕಾಶದಿಂದ ಉದುರಿದ್ದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಂತೋಷಪಟ್ಟೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಶ್ರಾವಣದ ಒಂದು ಮಧ್ಯಾಹ್ನ ಒಡ್ಡಿನ ಕೆಳಮಗ್ಗುಲ ಬುಡದಲ್ಲಿ ನೀರು ಗುಳುಗುಳು ಎಂದು ಉಕ್ಕತೊಡಗಿತು. ತಿಳಿನೀರಾದರೆ ಚಿಂತೆಯಿಲ್ಲ, ಅದು ಬಸಿಯುವ ನೀರು. ಇದು ಕೆಸರು. ಅಂದರೆ ಒಳಗೆಲ್ಲೋ ಪರಸಿಯ ಸಂದು ಬಾಯಿಬಿಟ್ಟಿದೆ, ಒಡ್ಡಿನ ಹೊಟ್ಟೆಯನ್ನೇ ನೀರು ತಿನ್ನುತ್ತಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಒಡ್ಡೆಲ್ಲ ಕುಸಿಯುತ್ತದೆ. ನಾನು ಕೂಗಿದ್ದಕ್ಕೆ ಊರೇ ಓಡಿ ಬಂತು. ಎದುರು ಮಗ್ಗುಲಲ್ಲಿ ನೀರು ಸುಳಿ ತಿರುಗುತ್ತಿದ್ದ ಜಾಗ ಹುಡುಕಿ, ಜೋಳದ ದಂಟಿನ ಕಟ್ಟು, ಗೋಣಿಚೀಲ, ಅದರ ಮೇಲೆ ಹೆಂಟೆಮಣ್ಣು ತುರುಕಬೇಕಿತ್ತು. ಸುತ್ತ ಎಲ್ಲ ಕೆಸರು. ಗಟ್ಟಿಮಣ್ಣು ಎಲ್ಲಿಂದ ತರುವುದು?

"ನನ್ನ ಬದುವಿನದು ತಗೋರಿ! ಗಟ್ಟಿ ಅದ!" ಎಂದು ಮೇಲಿನಿಂದ ಒಂದು ಧ್ವನಿ. ಅವಳೇ. ಸೀರೆ ಕಚ್ಚೆ ಕಟ್ಟಿ, ತಾನೇ ಸಲಿಕೆ ಹಾಕಿ ತನ್ನ ಹೊಲದ ಕೆಳಬದುವನ್ನು ಕಡಿದು ಬುಟ್ಟಿ ತುಂಬಿ ಕೊಡುತ್ತಿದ್ದಳು. "ಜಲ್ದಿ ಬರ್ರಿ, ಏನ್ ಮದಿವಿಗಿ ಬಂದಾಂಗ ನಿಂತೀರಿ!" ಎಂದು ಗಂಡಸರನ್ನು ಬೈಯುತ್ತಿದ್ದಳು. ಬುಟ್ಟಿ ಕೈಯಿಂದ ಕೈಗೆ ಬಂತು. ಸಂಜೆಗೆ ಉಕ್ಕು ನಿಂತಿತು, ಒಡ್ಡು ಉಳಿಯಿತು. ಅವಳ ಬದು ಇದ್ದ ಕಡೆ ಒಂದು ಬಾಯಿ ಬಿದ್ದಿತ್ತು. ಮುಂದಿನ ಮಳೆಗಳೆಲ್ಲ ಅದೇ ಬಾಯಿಂದ ಇಳಿದವು. ನಾನು ಅದನ್ನು ಮುಚ್ಚಿಸಬೇಕಿತ್ತು. ನಾಳೆ, ನಾಡಿದ್ದು ಎಂದು ಹಿಂಗಾರಿಯೇ ಬಂತು.

ನೀರು ಇಳಿದ ಮೇಲೆ ಒಡ್ಡಿನ ಹಿಂದೆ ಒಂದು ಹೊಸ ಹೊಲ ಕಾಣಿಸಿತು. ಮೊದಲು ಬರೀ ಗುಂಡುಕಲ್ಲು, ಜಾಲಿಮುಳ್ಳು ಇದ್ದ ಹಳ್ಳದ ಪಾತ್ರ. ಈಗ ಮೊಳದ ಮೇಲೆ ಕೂಡಿದ, ಬೆಣ್ಣೆಯಂಥ ಮಣ್ಣು. ಯಜಮಾನರು ಅದರಲ್ಲಿ ಬಿಳಿಜೋಳ ಬಿತ್ತಿದರು. ಆ ಬೆಳೆಯನ್ನು ನೋಡಲು ಸೇಡಂ, ಚಿತ್ತಾಪುರದ ಕಡೆಯಿಂದ ಜನ ಬಂದರು. ಹೈದರಾಬಾದಿನ ಹಿರಿಯ ಸಾಹೇಬರೂ ಬಂದರು. ಜೀಪಿನಿಂದ ಇಳಿದು, ಬೆಳೆ ನೋಡಿ, "ಬಹುತ್ ಖೂಬ್! ಸರ್ಕಾರ್ ನೇ ಖೇತ್ ಪೈದಾ ಕಿಯಾ," ಅಂದರು. ಸರ್ಕಾರ ಹೊಲವನ್ನೇ ಹುಟ್ಟಿಸಿತಂತೆ! ನನ್ನ ಹೆಗಲ ಮೇಲೆ ಕೈಯಿಟ್ಟರು. ಯಜಮಾನರು ಇಬ್ಬರಿಗೂ ಹಾರ ಹಾಕಿಸಿದರು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಆ ಜಾತ್ರೆಯಲ್ಲಿ ನಾನೇ ಪೂಜಾರಿ.

ಎಳ್ಳಮಾವಾಸ್ಯೆಗೆ ಸಾಹೇಬರು ಮತ್ತೆ ಬರುವುದೆಂದಾಯಿತು. ಆ ಕಡೆ ಎಳ್ಳಮಾಸಿ ಎಂದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಎಲ್ಲದರಲ್ಲೂ ಒಂದಿಷ್ಟು ಕಲಸಿ ಬೆಳೆಯೊಳಗೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಭೂಮಿ ಬಸುರಿ, ಅವಳಿಗೆ ಬಯಕೆಯೂಟ. ಅವರವರ ಹೊಲಕ್ಕೆ ಅವರವರೇ ಚೆಲ್ಲಬೇಕು.

ಯಜಮಾನರು ಚರಗ ಚೆಲ್ಲಿ ಬಂದಿದ್ದರು. ಜಮಖಾನದ ಮೇಲೆ ಸಾಹೇಬರು, ನಾನು, ಊರಿನ ನಾಲ್ಕು ಜನ ಕೂತಿದ್ದೆವು. ನನ್ನ ಕೈಯಲ್ಲಿ ಕಡುಬು. ಆಗ ಮೇಲಿನ ಹೊಲದವಳು ತಲೆಯ ಮೇಲೆ ಬುಟ್ಟಿ ಹೊತ್ತು ಬದು ಇಳಿದು ಬಂದಳು. ಹಿಂದೆ ಅವಳ ಗಂಡ, ಕೈಯಲ್ಲಿ ನೀರಿನ ತಂಬಿಗೆ. ಕರೆದಿರಲಿಲ್ಲ, ಆದರೂ ಹಬ್ಬಕ್ಕೆ ಬಂದಿದ್ದಾರೆ ಎಂದುಕೊಂಡು ಯಜಮಾನರು, "ಬಾ ತಂಗಿ, ಕುಂದರ್ರಿ," ಎಂದರು. ಅವಳು ಕೂರಲಿಲ್ಲ. ಬುಟ್ಟಿ ಇಳಿಸಿ, ಸೆರಗು ತಲೆಗೆ ಹೊದ್ದು, ನೇರ ಜೋಳದೊಳಗೆ ಹೋಗಿ ಚರಗ ಚೆಲ್ಲತೊಡಗಿದಳು. ಗಂಡ ಹಿಂದಿನಿಂದ ನೀರು ಚಿಮುಕಿಸುತ್ತಿದ್ದ.

ಬೇರೆಯವರ ಬೆಳೆಯಲ್ಲಿ ಚರಗ! ಯಜಮಾನರ ಕೈ ತಟ್ಟೆಯ ಮೇಲೆ ನಿಂತಿತು.

"ಏನವ್ವಾ ಇದು? ನಿನ್ನ ಹೊಲಾ ಮ್ಯಾಲ ಅದಲ್ಲ?"

"ಮ್ಯಾಲ ಹೋಗಿದ್ದೆ ಯಜಮಾನ್ರ," ಎಂದಳು. ಜಗಳದ ಧ್ವನಿಯಲ್ಲ, ದಾರಿ ಕೇಳಿದವರಿಗೆ ಹೇಳುವ ಹಾಗೆ. "ಮ್ಯಾಲ ಕಲ್ಲ ಅದ. ಕಲ್ಲಿಗಿ ಉಣಸಿದ್ರ ಏನ್ ಉಣ್ತದ? ನನ್ನ ಮಣ್ಣೆಲ್ಲ ಇಲ್ಲಿ ಬಂದದ. ನಮ್ಮ ಅತ್ತಿ ಮಾವ ಎಲ್ಲಾ ಇದಕ್ಕಽ ಚರಗಾ ಚೆಲ್ಲ್ಯಾರ. ಎಲ್ಲಿ ಹೋಗ್ಯಾದ ಅಲ್ಲೀಗಿ ಬಂದು ಉಣಸಬೇಕಲ್ರಿ. ಬೆಳಿ ನಿಮ್ಮದಽ, ನಾ ಒಂದು ದಂಟ ಮುಟ್ಟಂಗಿಲ್ಲ."

ಉಳಿದದ್ದನ್ನೂ ಚೆಲ್ಲಿ, ಬಾಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹೋಗುವಾಗ ನನ್ನನ್ನು ನೋಡಿ, "ಉಣ್ರಿ ಸಾಹೇಬ್ರ, ಯಾಕ ನಿಂದರ್ಸೀರಿ," ಎಂದಳು. ಕಡುಬು ಕೈಯಲ್ಲೇ ಇತ್ತು. ಹಿರಿಯ ಸಾಹೇಬರಿಗೆ ಕನ್ನಡ ಅಷ್ಟಕ್ಕಷ್ಟೆ. "ಯೇ ಕ್ಯಾ ರಸಮ್ ಹೈ?" ಇದೇನು ಪದ್ಧತಿ, ಎಂದು ನನ್ನನ್ನೇ ಕೇಳಿದರು. ನಾನು, ಹಬ್ಬದ ಪದ್ಧತಿ ಸಾಬ್, ಎಂದೆ. ಹಾಗೆಂದ ನನ್ನ ನಾಲಿಗೆಯ ಬಗ್ಗೆ ನನಗಿದ್ದ ಗೌರವ ಅಂದಿಗೆ ಮುಗಿಯಿತು.

ಮರುದಿನವೇ ಹಾರೆ ತೆಗೆದುಕೊಂಡು ಅವಳ ಹೊಲಕ್ಕೆ ಹೋದೆ. ಬರುವ ವರ್ಷ ಎಂದಿದ್ದೆನಲ್ಲ, ಆ ವರ್ಷ ಬಂದಿತ್ತು. ಮಣ್ಣಿನ ಆಳ ನೋಡದೆ ಒಡ್ಡು ಹಾಕುವಂತಿಲ್ಲ. ಒಂದು ಗೇಣಿಗಿಂತ ಕಡಿಮೆ ಮಣ್ಣಿರುವ ನೆಲಕ್ಕೆ ಇಲಾಖೆ ಒಡ್ಡು ಹಾಕುವುದಿಲ್ಲ, ಅದನ್ನು ಪಡ, ಅಂದರೆ ಪಾಳು ನೆಲ, ಎಂದು ಬಿಟ್ಟುಬಿಡುತ್ತದೆ. ಹೊಲದ ತಲೆಯಲ್ಲಿ ಹಾರೆ ಹಾಕಿದೆ. ನಾಲ್ಕು ಬೆರಳು ಇಳಿದು ಠಣ್ ಎಂದಿತು. ನಡುವಿನಲ್ಲಿ ಹಾಕಿದೆ, ಮೂರು ಬೆರಳು. ಕೆಳಗಿನ ಪಟ್ಟಿಯಲ್ಲಿ ಹಾರೆ ಬೇಕಾಗಿರಲೇ ಇಲ್ಲ. ಬದು ಕಡಿದುಕೊಟ್ಟಿದ್ದ ಬಾಯಿಂದ ಹಿಡಿದು ಮೇಲಕ್ಕೆ ಮಣ್ಣು ಗುಡಿಸಿಕೊಂಡು ಹೋಗಿತ್ತು. ನೀಲಿ ಬೂದು ಬಣ್ಣದ ಪರಸಿ ನೆಟ್ಟಗೆ ತೊಳೆದಿಟ್ಟ ಹಾಗೆ ಬಿಸಿಲಿಗೆ ಬಿದ್ದಿತ್ತು.

ನಾನು ತಡಮಾಡಿದ ಒಂದೇ ಮಳೆಗಾಲದಲ್ಲಿ ಅವಳ ಹೊಲ ಒಡ್ಡಿನ ಲೆಕ್ಕದಿಂದಲೇ ಹೊರಗೆ ಬಿದ್ದಿತ್ತು. ಹೋದ ಬೇಸಿಗೆಯಲ್ಲಿ ಹಾಕಿದ್ದರೆ ಹಾಕಬಹುದಾಗಿತ್ತು. ಈಗ ಕಾನೂನಿನ ಪ್ರಕಾರ ಅದು ಹೊಲವೇ ಅಲ್ಲ. ಒಡ್ಡು ಹಾಕದಿದ್ದರೆ ಉಳಿದ ನಾಲ್ಕು ಬೆರಳೂ ಮುಂದಿನ ಮಳೆಗೆ ಹೋಗುತ್ತಿತ್ತು. ಅವಳು ಬದುವಿನ ಮೇಲೆ ಕೂತು ಎಲ್ಲ ನೋಡುತ್ತಿದ್ದಳು.

"ಸಪ್ಪಳಾ ಛಲೋ ಬರ್ತದಲ್ರಿ," ಎಂದಳು. "ನಮ್ಮ ಮನೆಯವರಿಗಿ ಗಣ್ಯಾಗ ದಿನಾ ಇದಽ ಸಪ್ಪಳಾ. ನಾನೂ ಅಲ್ಲೀಗಿ ಬುಟ್ಟಿ ಹೊರಾಕ ಹೋಗ್ಬೇಕೇನೋ. ಹೊಲಾ ಇದ್ದಾಕಿ ಅಂತ ಇಷ್ಟ ದಿನಾ ಹೋಗಿದ್ದಿಲ್ಲ."

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸವಾದರೂ ಹಾಕಲೇಬೇಕು ಎನ್ನಿಸಿತು. ಸಾಹೇಬರ ಕ್ಯಾಂಪು ಆಗ ಶಹಾಬಾದಿನಲ್ಲಿತ್ತು. ಹೋಗಿ ನಿಂತು ಹೇಳಿದೆ: ನೀವು ಹೊಗಳಿದ ಹೊಲ ಸರ್ಕಾರ ಹುಟ್ಟಿಸಿದ್ದಲ್ಲ, ಮೇಲಿನವರದು ಕೆಳಗೆ ಬಂದದ್ದು, ನಾನು ತಪ್ಪು ತುದಿಯಿಂದ ಶುರು ಮಾಡಿದೆ, ಹಬ್ಬದ ದಿನ ನೀವು ನೋಡಿದ್ದು ಅದನ್ನೇ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕನ್ನಡಕ ತೆಗೆದು ಒರೆಸುತ್ತ, ಮುಚ್ಚಿದ ಕಡತವನ್ನು ಮತ್ತೆ ತೆಗೆಯಲು ಬಂದೆಯಾ, ಎಂದು ಉರ್ದುವಿನಲ್ಲಿ ಕೇಳಿದರು. ಆಮೇಲೆ ಅವರೇ ಹೇಳಿದರು: ಗೇಣು ಮಣ್ಣಿಲ್ಲದಿದ್ದರೆ ಒಡ್ಡಿಲ್ಲ, ಆ ನಿಯಮವನ್ನು ನಾನೂ ಮುರಿಯಲಾರೆ. ಮಳೆಗಾಲಕ್ಕೆ ಮೊದಲು ಆ ನೆಲದಲ್ಲಿ ಗೇಣು ಮಣ್ಣು ತೋರಿಸು, ಒಡ್ಡಿಗೆ ಆಳು ಕೊಡುತ್ತೇನೆ. ಮಣ್ಣು ಹೊರಲು ಮಾತ್ರ ಒಂದು ಆಳೂ ಇಲ್ಲ.

ಅಂದರೆ ಕೆಳಗಿನ ಮಣ್ಣು ಮೇಲಕ್ಕೆ ಹೋಗಬೇಕು, ಅದಕ್ಕೆ ಯಜಮಾನರು ಒಪ್ಪಬೇಕು. ಸುಗ್ಗಿ ಮುಗಿದ ಮೇಲೆ ಅವರ ಕಟ್ಟೆಯ ಮೇಲೆ ಕೂತು ಕೇಳಿದೆ. ಅವರಿಗೆ ನೋವಾಯಿತು.

"ಏನ್ ಮಾತಾಡಾಕತ್ತೀರಿ? ನಾ ಏನ್ ಅಕೀ ಮಣ್ಣ ಕದ್ದೀನೇನ್ರಿ? ಹಳ್ಳ ತಂದು ಹಾಕ್ಯಾದ. ಒಡ್ಡು ನೀವಽ ಹಾಕೀರಿ, ಹಾರಾ ನೀವಽ ಹಾಕ್ಕೊಂಡೀರಿ. ಈಗ ನನ್ನ ಕಳ್ಳನ ಮಾಡ್ಲಿಕ್ ಬಂದೀರಿ!"

"ಕಳ್ಳ ನೀವಲ್ಲ, ನಾನು," ಎಂದೆ. ಆಮೇಲೆ ನೆಲದ ಸತ್ಯವನ್ನೇ ಹೇಳಿದೆ. ಮಣ್ಣಿದ್ದರೆ ಅದು ಮಳೆಯನ್ನು ಕುಡಿಯುತ್ತದೆ. ಮೇಲೆ ಪೂರ್ತಿ ಪರಸಿಯಾದರೆ ಒಂದು ಹನಿಯೂ ಒಳಗಿಳಿಯುವುದಿಲ್ಲ, ಬಿದ್ದದ್ದೆಲ್ಲ ಒಂದೇ ಸಲ ಕೆಳಗೆ ನುಗ್ಗುತ್ತದೆ. ನಾನು ಕಟ್ಟಿದ ಕೋಡಿ ಅಷ್ಟು ನೀರಿಗೆ ಸಾಲದು. ಒಡ್ಡು ಹಾರಿದರೆ ನಿಮ್ಮ ಹೊಸ ಹೊಲ ಒಂದೇ ಮಧ್ಯಾಹ್ನದಲ್ಲಿ ಕಾಗಿಣಾ ಸೇರುತ್ತದೆ. ಹೆದರಿಸಲು ಹೇಳಿದ್ದಲ್ಲ, ನನ್ನ ಕೋಡಿಯ ಅಗಲ ನನಗೆ ಗೊತ್ತಿತ್ತು.

ಯಜಮಾನರು ಎಲೆಗೆ ಸುಣ್ಣ ಹಚ್ಚಿದರು. ಹಚ್ಚಿ ಮುಗಿದಿದ್ದ ಎಲೆಗೇ ಮತ್ತೆ ಹಚ್ಚಿದರು.

"ಅಕಿ ಹಬ್ಬದ ದಿನಾ ಬಂದು ಹೋದ ಮ್ಯಾಲ ಆ ಹೊಲದ ಜ್ವಾಳದ ರೊಟ್ಟಿ ನಮ್ಮ ಮನ್ಯಾಗ ಯಾರೂ ಮನಸ ಇಟ್ಟು ಉಂಡಿಲ್ರಿ," ಎಂದರು ಕೊನೆಗೆ. "ಒಯ್ಯಾಕ ಹೇಳ್ರಿ. ನನ್ನ ಬಂಡೀನೂ ಕೊಡ್ತೀನಿ. ಎಲ್ಲಾ ಒಯ್ಯಬ್ಯಾಡ್ರಿ ಮತ್ತ, ಒಂದು ಗೇಣರ ನನಗ ಬಿಡ್ರಿ."

ಅವಳಿಗೆ ಹೇಳಿದಾಗ ಅವಳು ಕುಣಿಯಲಿಲ್ಲ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರ. ನಮ್ಮ ಹೆಣ್ಣು ತವರಿಗಿ ಬರ್ತದಂತ ಅಂದ್ರ ಬ್ಯಾಡ ಅನ್ನಾಂಗಿಲ್ಲ," ಎಂದು ನಕ್ಕು, ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಈ ಸಲ ಕೆಲಸವನ್ನು ತಲೆಯಿಂದಲೇ ಶುರು ಮಾಡಿದೆ. ಮೊದಲು ಮಣ್ಣಲ್ಲ, ತಡೆ. ಅವಳ ಹೊಲದ ನೆತ್ತಿಯಲ್ಲಿ ಲೆವೆಲ್ ಹೂಡಿ ಸಮಪಾತಳಿಯ ಗೆರೆಗೆ ಸುಣ್ಣ ಹಾಕಿದೆ. ಗಂಡ ಗಣಿಗೆ ರಜೆ ಹೇಳಿ ಬಂದು, ಮುರಿದ ಪರಸಿ ಚಕ್ಕೆಗಳನ್ನು ಒಂದರ ಮೇಲೊಂದು ಒತ್ತಿ, ಆ ಗೆರೆಯ ಮೇಲೆ ಮೊಣಕಾಲೆತ್ತರದ ಕಲ್ಲೊಡ್ಡು ಕಟ್ಟಿದ. ಆಮೇಲೆ ಬಂಡಿಗಳು. ಒಣಗಿ ಬಿರಿದ ಹೂಳನ್ನು ಅಗೆದು, ತುಂಬಿ, ಏರು ಎಳೆಸಿ, ಸುರಿದು, ಹರಡಿ. ಬರಿಗಣ್ಣಿಗೆ ಕಾಣದ ಆ ಏರು ಎತ್ತುಗಳ ಬಾಯಲ್ಲಿ ನೊರೆ ತರಿಸಿತು. ಮಳೆ ಒಂದೇ ಮಧ್ಯಾಹ್ನದಲ್ಲಿ ಆಡುತ್ತ ಇಳಿಸಿದ್ದನ್ನು ಮೇಲಕ್ಕೇರಿಸಲು ಬೇಸಿಗೆಯೇ ಸಾಲದಾಯಿತು. ನಾನೂ ಸಲಿಕೆ ಹಿಡಿದೆ. ಅಂಗೈ ಗುಳ್ಳೆ ನೋಡಿ ಅವಳು, "ಬಿಡ್ರಿ ಸಾಹೇಬ್ರ, ನಳಿಗಿ ಹಿಡಿಯೋ ಕೈ," ಎಂದು ಕೀಟಲೆ ಮಾಡಿದಳು. ಅವಳು ನಗುತ್ತ ಮಾತಾಡಿದಷ್ಟೂ ನಾನು ಒಳಗೆ ಕುಗ್ಗುತ್ತಿದ್ದೆ.

ಎಲ್ಲ ಮಣ್ಣು ಮರಳಿ ಬರಲಿಲ್ಲ. ನಯವಾದದ್ದು, ಅಂದರೆ ಜೋಳಕ್ಕೆ ನಿಜವಾಗಿ ಬೇಕಾದದ್ದು, ನೀರಿನಲ್ಲಿ ಕರಗಿ ಕೋಡಿ ಹಾರಿ ಎಂದೋ ಹೋಗಿತ್ತು. ಉಳಿದದ್ದು ಹೊಲದ ಮೇಲಿನ ಭಾಗಕ್ಕೆ ಗೇಣು ಆಳ ಮುಚ್ಚಿತು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಗೆ ಇಲಾಖೆಯ ಒಡ್ಡನ್ನೂ ಹಾಕಿಸಿದೆ. ಮೊದಲ ಮಳೆಗೆ ಕಲ್ಲೊಡ್ಡಿನ ಸಂದಿನಿಂದ ನೀರು ತಿಳಿಯಾಗಿ ಬಸಿಯಿತು. ಅವಳು ಬಿತ್ತಿದಳು. ಗಣಿಗೆ ಬುಟ್ಟಿ ಹೊರಲು ಹೋಗಲಿಲ್ಲ. ಕೆಳಗಿನ ಪಟ್ಟಿ ಮಾತ್ರ ಕಲ್ಲಾಗಿಯೇ ಉಳಿಯಿತು. ಅದು ಮತ್ತೆ ಹೊಲವಾಗಬೇಕಾದರೆ ಎಷ್ಟು ತಲೆಮಾರು ಬೇಕೋ, ಅದು ನನ್ನ ಲೆವೆಲ್ಲಿಗೆ ಕಾಣುವಂಥದ್ದಲ್ಲ.

ಆ ವರ್ಷವೇ ಬಂಡಿದಾರಿಯ ಪಕ್ಕದಲ್ಲಿ ನಮ್ಮ ಇಲಾಖೆಗೊಂದು ಸಣ್ಣ ಕಚೇರಿ ಕಟ್ಟುವುದೆಂದಾಯಿತು. ಮಣ್ಣು ಉಳಿಸಿದ ಊರಿನಲ್ಲೇ ಇರಲಿ ಎಂದು ಸಾಹೇಬರ ಆಸೆ. ಗೋಡೆ ಎದ್ದಿತು, ಮಾಡು ಕೂತಿತು, ನೆಲಕ್ಕೆ ಪರಸಿ ತರಿಸಬೇಕಿತ್ತು. ಒಂದು ಬೆಳಿಗ್ಗೆ ಮೇಲಿನ ಹೊಲದವಳ ಗಂಡ ಬಂಡಿ ತುಂಬ ಕಲ್ಲು ಹೇರಿಕೊಂಡು ಬಂದ. ಒಂದೊಂದೂ ಮಟ್ಟಸ, ನೀಲಿಬೂದು, ಎಲ್ಲೂ ಚಕ್ಕೆ ಎದ್ದಿರಲಿಲ್ಲ.

"ಛಲೋ ಕಲ್ಲು. ವಾಡಿ ಗಣೀದೇನು?" ಎಂದೆ.

"ಇಲ್ರಿ, ನಮ್ಮ ಹೊಲದವಽ. ಕೆಳಗಿನ ಪಟ್ಟಿದು. ಹೆಂಗಿದ್ರೂ ತೆರದು ಬಿದ್ದಾವಲ್ರಿ, ಮಣ್ಣ ತೆಗಿಯೋ ತ್ರಾಸಽ ಇಲ್ಲ."

ಅವನ ಮಾತಿನಲ್ಲಿ ಮುಳ್ಳಿರಲಿಲ್ಲ. ಎಬ್ಬಿಸಲು ಸುಲಭವಾಯಿತು ಎಂದು ಕಲ್ಲುಕುಟಿಗನಿಗಿರುವ ಸಂತೋಷವೇ ಇತ್ತು. ಕಲ್ಲಿಳಿಸಿ, ಒಳಗೆ ಹೋಗಿ, ನೆಲಕ್ಕೆ ಮರಳು ಹಾಸಿದ. ಮೊದಲ ಕಲ್ಲನ್ನು ಬಾಗಿಲ ಬಳಿ ಇಟ್ಟು, ಮೂಲೆ ತಟ್ಟಿ ಕೂರಿಸಿದ. ನೆಲ ತೊಳೆದ ನೀರು ಹೊರಗೆ ಹೋಗಬೇಕಲ್ಲ, ಪರಸಿ ಹಾಸುವವರು ಯಾವುದಾದರೂ ಒಂದು ಕಡೆ ಒಂದಿಷ್ಟು ತಗ್ಗು ಬಿಡುತ್ತಾರೆ. ಅವನು ಸುತ್ತಿಗೆ ಹಿಡಿದು ತಲೆಯೆತ್ತಿ ಕೇಳಿದ:

"ಇಳಕಲ ಯಾ ಕಡಿ ಇಡ್ಲಿರಿ, ಸಾಹೇಬ್ರ?"

ನಾನು ಬಾಗಿಲಲ್ಲೇ ನಿಂತಿದ್ದೆ. ಚಪ್ಪಲಿ ಕಳಚಿ ಹೊರಗಿಟ್ಟು, ಅವನು ಕೂರಿಸಿದ ಆ ಕಲ್ಲನ್ನು ತುಳಿಯದೆ ದಾಟಿ ಒಳಗೆ ಹೋದೆ.